ಆಟಗಾರನನ್ನು ತೆಗೆದ ಮೇಲೆ ಕಥೆಯ ಗತಿಯೇನು?

ಪ್ರಶ್ನೆ: 2021ರ ಜುಲೈ ಕೊನೆಗೆ, ಕಥೆ ಕಟ್ಟಿ ಕುಸ್ತಿ ತೋರಿಸುವ ಡಬ್ಲ್ಯುಡಬ್ಲ್ಯುಇ ಕಂಪನಿ ಕುಸ್ತಿಪಟು ಬ್ರೇ ವ್ಯಾಟ್‌ನನ್ನು ತೆಗೆದುಹಾಕಿತು. ಆದರೂ ಅವನ ಕಥೆಯಲ್ಲೇ ಇದ್ದ ಅಲೆಕ್ಸಾ ಬ್ಲಿಸ್ ಅದೇ ವೇಷದಲ್ಲಿ, ಅದೇ ಗೊಂಬೆ ಹಿಡಿದುಕೊಂಡು ವಾರವಾರ ಬರುತ್ತಲೇ ಇದ್ದಳು. ಅವನ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಹೀಗೆ ಏಕಾಏಕಿ ಆಳು ಹೋಗುವುದು ಕಥೆ ಬರೆಯುವವರಿಗೆ ಮೊದಲೇ ಗೊತ್ತಿರುವುದಿಲ್ಲವೇ? ಅರ್ಧಕ್ಕೆ ನಿಂತ ಕಥೆಯನ್ನು ಹೇಗೆ ಮುಂದುವರಿಸುತ್ತಾರೆ? ಕೆಲವು ಸಲ ತೆಗೆದದ್ದೇ ನಾಟಕ ಇರಬಹುದು ಅನ್ನಿಸುತ್ತದೆ. ಅದನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ: ಬಹಳ ಸಲ ಗೊತ್ತಿರುವುದಿಲ್ಲ. ಆಳನ್ನು ತೆಗೆಯುವ ತೀರ್ಮಾನ ಆಡಳಿತದವರದು, ಹೆಚ್ಚಿನ ಸಲ ದುಡ್ಡಿನ ಲೆಕ್ಕ ನೋಡಿ ಆಗುವಂಥದ್ದು. ಕಥೆ ಹೊಸೆಯುವವರು ಬೇರೆ ಕೋಣೆಯಲ್ಲಿ ಕೂತು ಮುಂದಿನ ದೊಡ್ಡ ಶೋವರೆಗೆ ದಾರಿ ಹಾಕುತ್ತಿರುತ್ತಾರೆ. ಇದಕ್ಕೆ ಅಲೆಸ್ಟರ್ ಬ್ಲ್ಯಾಕ್‌ನ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ವಾರಗಟ್ಟಲೆ ಕತ್ತಲೆ ಕೋಣೆಯ ವಿಡಿಯೋಗಳನ್ನು ತೋರಿಸಿ ಅವನ ಮರುಪ್ರವೇಶಕ್ಕೆ ಹದ ಮಾಡಿದರು. 2021ರ ಮೇ 21ರ ಸ್ಮ್ಯಾಕ್‌ಡೌನ್‌ನಲ್ಲಿ ಇಂಟರ್‌ಕಾಂಟಿನೆಂಟಲ್ ಬೆಲ್ಟಿನ (ಚಾಂಪಿಯನ್ ಪಟ್ಟದ) ನಾಲ್ವರ ಫೈಟ್ ನಡೆಯುತ್ತಿದ್ದಾಗ ಅವನು ನುಗ್ಗಿ ಬಿಗ್ ಈ ಎಂಬವನ ಮುಖಕ್ಕೆ ಒದ್ದ. ಬೆಲ್ಟ್ ಅಪೋಲೊ ಕ್ರೂಸ್ ಬಳಿಯೇ ಉಳಿಯಿತು. ಹನ್ನೆರಡು ದಿನ ಕಳೆದು ಜೂನ್ 2ರಂದು ಬ್ರಾನ್ ಸ್ಟ್ರೋಮನ್, ಲಾನಾ ಮೊದಲಾದವರ ಜೊತೆ ಅವನನ್ನೂ ತೆಗೆದರು. ಅವನನ್ನು ತೆಗೆಯುವುದು ಮೊದಲೇ ಗೊತ್ತಿದ್ದವರು ಯಾರಾದರೂ ಹೀಗೆ ಒಂದು ಒದೆತಕ್ಕೆ ಅಷ್ಟೆಲ್ಲ ವಿಡಿಯೋ ಮಾಡಿಸುತ್ತಾರೆಯೇ? ಬಿಗ್ ಈ ಆ ಒದೆತಕ್ಕೆ ಸೇಡು ತೀರಿಸಿಕೊಳ್ಳಲೇ ಇಲ್ಲ. ಕಥೆ ಅಲ್ಲಿಗೇ ಖತಂ.

ಮುಂದಿನದು ಅರ್ಥವಾಗಲು ಒಪ್ಪಂದದ ಎರಡು ಮೂರು ವಿಷಯ ತಿಳಿದಿರಬೇಕು. ಡಬ್ಲ್ಯುಡಬ್ಲ್ಯುಇ ತನ್ನ ಕುಸ್ತಿಪಟುಗಳನ್ನು ನೌಕರರೆಂದು ಕರೆಯುವುದಿಲ್ಲ, ಸ್ವತಂತ್ರ ಗುತ್ತಿಗೆದಾರರು ಎನ್ನುತ್ತದೆ. ಮುಖ್ಯ ಶೋಗಳಾದ ರಾ ಮತ್ತು ಸ್ಮ್ಯಾಕ್‌ಡೌನ್‌ನವರಿಗೆ ಸಾಮಾನ್ಯವಾಗಿ 90 ದಿನದ ನೋಟಿಸ್. ಆ 90 ದಿನ ಸಂಬಳ ಬರುತ್ತದೆ, ಆದರೆ ಬೇರೆ ಕಂಪನಿಯ ರಿಂಗ್ ಹತ್ತುವಂತಿಲ್ಲ. ಕೆಳಹಂತದ ಶೋ ಆದ ಎನ್‌ಎಕ್ಸ್‌ಟಿಯವರಿಗೆ 30 ದಿನ. ಬ್ಲ್ಯಾಕ್ ಮುಖ್ಯ ಶೋಗೆ ಬಡ್ತಿ ಪಡೆದಿದ್ದರೂ ಅವನ ಕಾಗದದಲ್ಲಿ ಹಳೆಯ 30 ದಿನದ ಷರತ್ತೇ ಉಳಿದುಕೊಂಡಿತ್ತು. ಕಂಪನಿ ಗಮನಿಸಿರಲಿಲ್ಲ. ಹಾಗಾಗಿ ಜುಲೈ 7ಕ್ಕೇ ಅವನು ಎದುರಾಳಿ ಕಂಪನಿ ಎಇಡಬ್ಲ್ಯುನಲ್ಲಿ ಮಲಕೈ ಬ್ಲ್ಯಾಕ್ ಆಗಿ ಪ್ರತ್ಯಕ್ಷನಾದ. ಹೆಸರು ಬದಲಾದದ್ದು ನೋಡಿ. ವೇದಿಕೆಯ ಹೆಸರು, ಪಾತ್ರ, ಪ್ರವೇಶದ ಸಂಗೀತ ಇವೆಲ್ಲ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಆಳು ಹೋದರೂ ಪಾತ್ರ ಕಪಾಟಿನಲ್ಲಿ ಉಳಿಯುತ್ತದೆ. ನಿಮ್ಮ ಪ್ರಶ್ನೆಯ ಬೀಜ ಇರುವುದು ಇಲ್ಲೇ.

ಹಾಗಿದ್ದರೆ ಆ ಪಾತ್ರಕ್ಕೆ ಇನ್ನೊಬ್ಬನನ್ನು ಹಾಕಬಾರದೇಕೆ? ನಮ್ಮ ಧಾರಾವಾಹಿಗಳಲ್ಲಿ ನಾಯಕಿ ಬಿಟ್ಟುಹೋದರೆ ಸೋಮವಾರದಿಂದ ಬೇರೆ ಮುಖ ಬರುತ್ತದೆ, ಅತ್ತೆಯೂ ಗಂಡನೂ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಾರೆ, ನಾವೂ ವಾರದೊಳಗೆ ಒಗ್ಗಿಕೊಳ್ಳುತ್ತೇವೆ. ರೆಸ್ಲಿಂಗ್‌ನಲ್ಲಿ ಇದನ್ನು ಮಾಡಿ ನೋಡಿಯಾಗಿದೆ. 1996ರಲ್ಲಿ ರೇಜರ್ ರಮೋನ್ ಆಗಿದ್ದ ಸ್ಕಾಟ್ ಹಾಲ್, ಡೀಸೆಲ್ ಆಗಿದ್ದ ಕೆವಿನ್ ನ್ಯಾಶ್ ಇಬ್ಬರೂ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುಗೆ ಹೊರಟುಹೋದರು. ಹೆಸರುಗಳು ನಮ್ಮವೇ ಅಲ್ಲವೇ ಎಂದು ಆಗಿನ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಆ ಸೆಪ್ಟೆಂಬರ್‌ನಲ್ಲಿ ರಿಕ್ ಬೊಗ್ನರ್ ಎಂಬವನಿಗೆ ರೇಜರ್ ವೇಷವನ್ನೂ ಗ್ಲೆನ್ ಜೇಕಬ್ಸ್ ಎಂಬವನಿಗೆ ಡೀಸೆಲ್ ವೇಷವನ್ನೂ ತೊಡಿಸಿತು. ಅದೇ ಬಟ್ಟೆ, ಅದೇ ಕೂದಲು, ಅದೇ ಹಲ್ಲುಕಡ್ಡಿ. ಜನ ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ವೇಷ ಕಳಚಿತು. ಯಕ್ಷಗಾನದಲ್ಲಿ ಇಂದಿನ ಕರ್ಣ ನಾಳೆ ಬೇರೆಯವರಾಗಬಹುದು, ಏಕೆಂದರೆ ಕರ್ಣ ಪ್ರಸಂಗದ ಸೊತ್ತು. ರೆಸ್ಲಿಂಗ್‌ನಲ್ಲಿ ಪಾತ್ರ ದೇಹಕ್ಕೆ ಅಂಟಿಕೊಂಡಿರುತ್ತದೆ. (ಆ ನಕಲಿ ಡೀಸೆಲ್ ಮರುವರ್ಷ ಮುಖವಾಡ ತೊಟ್ಟು ಕೇನ್ ಆದ. ತೊಂಬತ್ತರ ದಶಕದ ಟ್ರಂಪ್ ಕಾರ್ಡ್ ಆಡಿದವರಿಗೆ ಇವರೆಲ್ಲರ ಎತ್ತರ ತೂಕ ಈಗಲೂ ಬಾಯಿಪಾಠ ಇರುತ್ತದೆ.)

ಹಾಗಾಗಿ ಆಳು ಹೋದಾಗ ಬರೆಯುವವರು ನೋಡುವುದು ಒಂದೇ ವಿಷಯ: ಈ ಕಥೆಯ ಭಾರ ಯಾವುದರ ಮೇಲೆ ಕೂತಿತ್ತು? ಬೆಲ್ಟಿನ ಮೇಲೋ, ಎದುರಾಳಿಯ ಮೇಲೋ, ಗುಂಪಿನ ಮೇಲೋ, ಒಂದು ವಸ್ತುವಿನ ಮೇಲೋ, ಅಥವಾ ಹೋದ ಆಳಿನ ಮೇಲೆಯೇ ಪೂರ್ತಿಯೋ? ಕೊನೆಯದಾದರೆ ಬ್ಲ್ಯಾಕ್‌ನ ಕಥೆಯಂತೆ ಮುಚ್ಚುವುದೇ ದಾರಿ.

ಬೆಲ್ಟಿನ ಮೇಲಿದ್ದರೆ ಕೆಲಸ ಸಲೀಸು. 2018ರ ಜನವರಿ 23ರಂದು ಎಂಜೊ ಅಮೋರೆಯನ್ನು ತೆಗೆದಾಗ ಅವನು ಹಗುರ ತೂಕದವರ ಕ್ರೂಸರ್‌ವೇಟ್ ಚಾಂಪಿಯನ್, ಐದೇ ದಿನದಲ್ಲಿ ದೊಡ್ಡ ಶೋ ರಾಯಲ್ ರಂಬಲ್‌ನಲ್ಲಿ ಸೆಡ್ರಿಕ್ ಅಲೆಕ್ಸಾಂಡರ್ ಜೊತೆ ಮ್ಯಾಚ್ ಇತ್ತು. ಮ್ಯಾಚ್ ರದ್ದು, ಬೆಲ್ಟ್ ತೆರವು, 16 ಜನರ ಟೂರ್ನಿ ಘೋಷಣೆ. ಏಪ್ರಿಲ್ 8ರ ವಾರ್ಷಿಕ ದೊಡ್ಡ ಶೋ ರೆಸಲ್‌ಮೇನಿಯಾ 34ರಲ್ಲಿ ಫೈನಲ್, ಮುಸ್ತಫಾ ಅಲಿಯನ್ನು ಸೋಲಿಸಿ ಅದೇ ಸೆಡ್ರಿಕ್ ಗೆದ್ದ. ಎಂಜೊ ಜೊತೆ ಎಳೆಯುತ್ತಿದ್ದ ಕಥೆಗಿಂತ ಇದೇ ಚೆನ್ನಾಗಿತ್ತು ಎಂದು ನನ್ನ ಅಭಿಪ್ರಾಯ. ಟೂರ್ನಿ ಮಾಡುವುದರ ಲಾಭ ಏನೆಂದರೆ ಹೋದವನ ಹೆಸರನ್ನು ಒಂದೇ ಒಂದು ಸಲ ಹೇಳಿದರೂ ಸಾಕು, ಹೇಳದಿದ್ದರೂ ನಡೆಯುತ್ತದೆ.

ಒಂದು ದಿನ ಮೊದಲು ಸುಳಿವು ಸಿಕ್ಕಿದರೆ ಇನ್ನೂ ಅಚ್ಚುಕಟ್ಟು. ಮ್ಯಾಂಡಿ ರೋಸ್ 413 ದಿನ ಎನ್‌ಎಕ್ಸ್‌ಟಿ ಮಹಿಳಾ ಚಾಂಪಿಯನ್ ಆಗಿದ್ದಳು. ರಾಕ್ಸಾನ್ ಪೆರೆಜ್ ಜೊತೆ ಅವಳ ಮ್ಯಾಚ್ 2023ರ ಜನವರಿ 10ಕ್ಕೆ ನಿಗದಿಯಾಗಿತ್ತು. ಇಂಟರ್ನೆಟ್ಟಿನಲ್ಲಿ ಚಂದಾದಾರರಿಗೆಂದು ಅವಳು ಹಾಕಿದ್ದ ಚಿತ್ರಗಳು ಕಂಪನಿಗೆ ಸರಿಬರಲಿಲ್ಲ. ಆ ಮ್ಯಾಚನ್ನು 2022ರ ಡಿಸೆಂಬರ್ 13ಕ್ಕೇ ಎಳೆದು ತಂದರು, ಬೆಲ್ಟ್ ಪೆರೆಜ್ ಕೈಗೆ ಹೋಯಿತು, ಮರುದಿನ ಮ್ಯಾಂಡಿ ಹೊರಗೆ. ಕಥೆಯ ಕೊನೆ ಅದೇ, ನಾಲ್ಕು ವಾರ ಮುಂಚೆ ಬಂತು ಅಷ್ಟೆ. ಮ್ಯಾಂಡಿ ಮುನ್ನಡೆಸುತ್ತಿದ್ದ ಟಾಕ್ಸಿಕ್ ಅಟ್ರ್ಯಾಕ್ಷನ್ ಗುಂಪಿನಲ್ಲಿ ಉಳಿದ ಜಿಜಿ ಡೋಲಿನ್, ಜೇಸಿ ಜೇನ್ ಇಬ್ಬರೂ ಎರಡು ತಿಂಗಳೊಳಗೆ ಪರಸ್ಪರ ತಿರುಗಿಬಿದ್ದರು. ನಾಯಕಿ ಹೋದ ಗುಂಪಿಗೆ ಇದು ಸಹಜ ದಾರಿ: ಅವಳ ಜಾಗ ಯಾರದು ಎಂಬ ಜಗಳವೇ ಮುಂದಿನ ಕಥೆ.

ಬೆಲ್ಟಿಲ್ಲದೆ ಮ್ಯಾಚ್ ಮಾತ್ರ ಇದ್ದು ಆಳು ಇಲ್ಲವೆಂದರೆ, ಎದುರಾಳಿಯ ಸಿಟ್ಟನ್ನು ಬೇರೊಬ್ಬನ ಕಡೆ ತಿರುಗಿಸಬೇಕು. ಎಇಡಬ್ಲ್ಯು 2023ರ ಸೆಪ್ಟೆಂಬರ್ 2ರಂದು ಸಿಎಂ ಪಂಕ್‌ನನ್ನು ಕಿತ್ತುಹಾಕಿತು. ಮರುದಿನವೇ ಅವನ ಊರಾದ ಶಿಕಾಗೋದಲ್ಲಿ ಆಲ್ ಔಟ್ ಎಂಬ ದೊಡ್ಡ ಶೋ. ಪಂಕ್ ಜೊತೆ ಕಾದಾಡಿದ್ದ ರಿಕಿ ಸ್ಟಾರ್ಕ್ಸ್, ಅಷ್ಟರಲ್ಲಿ ಹಿರಿಯ ಕುಸ್ತಿಪಟು ರಿಕಿ ಸ್ಟೀಮ್‌ಬೋಟ್‌ಗೆ ಸೊಂಟಪಟ್ಟಿಯಿಂದ ಬಾರಿಸಿ ಅವನನ್ನು ಚರ್ಮದ ಪಟ್ಟಿಯ ಫೈಟ್‌ಗೆ ಕರೆದಿದ್ದ. ಸ್ಟೀಮ್‌ಬೋಟ್ ಪರವಾಗಿ, ಮುಂಗೈ ಮೂಳೆ ಮುರಿದು ಮನೆಯಲ್ಲಿದ್ದ ಬ್ರಯನ್ ಡೇನಿಯಲ್ಸನ್ ಇಳಿದ. ಇಲ್ಲಿ ಹೊಂದಿಕೊಂಡದ್ದು ಏಕೆಂದರೆ ಹೊಡೆಸಿಕೊಂಡ ಮುದುಕನೊಬ್ಬ ಕಥೆಯಲ್ಲಿ ಮೊದಲೇ ಇದ್ದ. ಅವನ ಪರ ಯಾರು ಬಂದರೂ ನ್ಯಾಯವೇ.

ಈಗ ನಿಮ್ಮ ಬ್ಲಿಸ್ ವಿಷಯ. ವ್ಯಾಟ್‌ನ ರಾಕ್ಷಸ ರೂಪ ‘ದಿ ಫೀಂಡ್’. 2020ರ ಡಿಸೆಂಬರ್‌ನಲ್ಲಿ ರ‍್ಯಾಂಡಿ ಆರ್ಟನ್ ಅವನಿಗೆ ಬೆಂಕಿ ಹಚ್ಚಿದ, 2021ರ ಏಪ್ರಿಲ್ 11ರ ರೆಸಲ್‌ಮೇನಿಯಾದಲ್ಲಿ ಇಬ್ಬರ ಮುಖಾಮುಖಿ. ಮುಖದ ಮೇಲೆ ಕಪ್ಪು ದ್ರವ ಸುರಿಸುತ್ತಾ ಬ್ಲಿಸ್ ಎದ್ದುಬಂದಳು, ಫೀಂಡ್ ಅತ್ತ ತಿರುಗಿದ, ಆರ್ಟನ್ ಗೆದ್ದ. ಅವಳು ಯಾಕೆ ಹಾಗೆ ಮಾಡಿದಳು ಎಂಬ ಪ್ರಶ್ನೆ ಕಥೆಯ ಹೂರಣ. ಮರುದಿನದ ರಾನಲ್ಲಿ ಅವಳು ಉಯ್ಯಾಲೆ ಮೇಲೆ ಕೂತು, ತನಗಿನ್ನು ಅವನು ಬೇಕಿಲ್ಲ ಎಂದು ಲಿಲಿ ಎಂಬ ಗೊಂಬೆಯನ್ನು ಪರಿಚಯಿಸಿದಳು. ವ್ಯಾಟ್ ಅದೇ ಕಂತಿನಲ್ಲಿ ತನ್ನ ವಿಡಿಯೋ ತುಣುಕಾದ ಫನ್ ಹೌಸ್‌ನಲ್ಲಿ ಒಂದು ಸಲ ನಗುತ್ತಾ ಕಾಣಿಸಿಕೊಂಡು ಮಾಯವಾದ. ಜುಲೈ 31ಕ್ಕೆ ತೆಗೆದೇಬಿಟ್ಟರು. ಅಂದರೆ ತೆಗೆಯುವುದಕ್ಕೆ ಮೂರೂವರೆ ತಿಂಗಳು ಮೊದಲೇ ಕಥೆಯ ಭಾರ ಆಳಿನಿಂದ ಗೊಂಬೆಗೆ ವರ್ಗವಾಗಿತ್ತು. ಗೊಂಬೆಗೆ ಒಪ್ಪಂದ ಬೇಕಿಲ್ಲ, ಅದು ಎದುರಾಳಿ ಕಂಪನಿಗೂ ಹೋಗುವುದಿಲ್ಲ, ಕಂಪನಿಯ ಅಂಗಡಿಯಲ್ಲಿ ಮಾರಾಟಕ್ಕೂ ಬರುತ್ತದೆ. ಹಾಗಾಗಿ ವೇಷ ಮುಂದುವರಿಯಿತು.

ಎಲ್ಲಿ ಕೆಟ್ಟಿತು ಎಂದರೆ, ಕಾರಣವನ್ನು ಕತ್ತರಿಸಿ ಪರಿಣಾಮವನ್ನು ಉಳಿಸಿಕೊಂಡರು. ಅವಳಿಗೆ ಮಂತ್ರಶಕ್ತಿ ಬಂದದ್ದು ಫೀಂಡ್‌ನಿಂದ. ಅವನ ಹೆಸರೆತ್ತದೆ ಆ ಶಕ್ತಿಗೆ ಬುಡವೇ ಇಲ್ಲ. ಜನ ಸುಮ್ಮನಿರಲಿಲ್ಲ, ಅಖಾಡದಲ್ಲಿ ವ್ಯಾಟ್ ಹೆಸರು ಕೂಗಿದರು. ಆಗಸ್ಟ್ 21ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಇವಾ ಮರಿ ಜೊತೆ ಒಂದು ಮ್ಯಾಚ್, ಸೆಪ್ಟೆಂಬರ್ 26ರ ಎಕ್ಸ್‌ಟ್ರೀಮ್ ರೂಲ್ಸ್‌ನಲ್ಲಿ ಷಾರ್ಲೆಟ್ ಫ್ಲೇರ್ ಜೊತೆ ಇನ್ನೊಂದು. ಎರಡನೆಯದು ಮುಗಿದ ಮೇಲೆ ಷಾರ್ಲೆಟ್ ಗೊಂಬೆಯನ್ನು ಹರಿದು ಹತ್ತಿ ಚೆಲ್ಲಿದಳು. ಬ್ಲಿಸ್ ಕೆಲ ತಿಂಗಳು ರಜೆಗೆ ಹೋದಳು, ಬಂದಾಗ ಮನೋವೈದ್ಯರ ಮುಂದೆ ಕೂತ ದೃಶ್ಯಗಳನ್ನು ತೋರಿಸಿದರು. ಹೋದವನ ಬಗ್ಗೆ ಒಂದು ವಾಕ್ಯವನ್ನು ಬರೆದಿದ್ದರೆ, ‘ಅವನನ್ನು ನಾನೇ ಮುಗಿಸಿದೆ’ ಎಂಬಷ್ಟನ್ನಾದರೂ ಅವಳ ಬಾಯಲ್ಲಿ ಹೇಳಿಸಿದ್ದರೆ, ಇಡೀ ಬೇಸಿಗೆ ಉಳಿಯುತ್ತಿತ್ತು. ಹೆಸರೆತ್ತದಿರುವ ಪದ್ಧತಿಗೆ ವ್ಯಾಪಾರದ ಕಾರಣ ಇದೆ, ಒಪ್ಪೋಣ: 90 ದಿನ ಕಳೆದರೆ ಅವನು ಎದುರಾಳಿಯ ಟಿವಿಯಲ್ಲಿರಬಹುದು, ಅವನಿಗೆ ನಾವೇಕೆ ಪ್ರಚಾರ ಕೊಡಬೇಕು ಎಂಬ ಲೆಕ್ಕ. ಆದರೆ ನೋಡುವವರಿಗೆ ನೆನಪು ಇರುತ್ತದೆ ಎಂಬುದನ್ನು ಈ ಲೆಕ್ಕ ಹಿಡಿಯುವುದಿಲ್ಲ.

ಹೋದವನ ಗೈರುಹಾಜರಿಯನ್ನೇ ಕಥೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2005ರ ಮ್ಯಾಟ್ ಹಾರ್ಡಿ ಪ್ರಕರಣ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕುಸ್ತಿಪಟುಗಳಾದ ಮ್ಯಾಟ್ ಮತ್ತು ಲೀಟಾ ನಿಜಜೀವನದಲ್ಲಿ ಜೋಡಿ. ಮ್ಯಾಟ್ ಮಂಡಿಗೆ ಪೆಟ್ಟಾಗಿ ಮನೆಯಲ್ಲಿದ್ದಾಗ ಲೀಟಾ ಮತ್ತು ಅವನ ಗೆಳೆಯ ಎಡ್ಜ್ ಹತ್ತಿರವಾದರು. ಮ್ಯಾಟ್ ಇಂಟರ್ನೆಟ್ಟಿನಲ್ಲಿ ಎಲ್ಲವನ್ನೂ ಹೇಳಿದ, ಏಪ್ರಿಲ್ 11ರಂದು ಕಂಪನಿ ಮ್ಯಾಟ್‌ನನ್ನೇ ತೆಗೆಯಿತು. ಟಿವಿಯ ಕಥೆಯಲ್ಲಿ ಮಾತ್ರ ಲೀಟಾ ಆಗ ಕೇನ್‌ನ ಹೆಂಡತಿ! ಹೀಗೆ ಟಿವಿಯದು ಒಂದು ಕಥೆ, ಜನರ ತಲೆಯಲ್ಲಿ ಇನ್ನೊಂದು. ಎಡ್ಜ್ ರಿಂಗಿಗೆ ಬಂದರೆ ಸಾಕು ಮ್ಯಾಟ್ ಹೆಸರು ಕೂಗುತ್ತಿದ್ದರು.

ಬರೆಯುವವರು ಕೂಗನ್ನು ಅಡಗಿಸಲು ಹೋಗಲಿಲ್ಲ, ಅದರ ದಿಕ್ಕಿಗೇ ದೋಣಿ ತಿರುಗಿಸಿದರು. ಮೇ 16ರಂದು ಲೀಟಾ ಗಂಡ ಕೇನ್‌ಗೆ ಕೈಕೊಟ್ಟು ಎಡ್ಜ್ ಪಾಳೆಯ ಸೇರಿದಳು. ಅಲ್ಲಿಗೆ ಜನರ ತಲೆಯಲ್ಲಿದ್ದ ಕಥೆಯೂ ಟಿವಿಯ ಕಥೆಯೂ ಒಂದಾದವು. ಜೂನ್ 20ರಂದು ರಿಂಗಿನಲ್ಲೇ ಎಡ್ಜ್–ಲೀಟಾ ಮದುವೆ. ಆಕ್ಷೇಪ ಇದೆಯೇ ಎಂದು ಪಾದ್ರಿ ಕೇಳಿದ ಹೊತ್ತಿಗೆ ಮ್ಯಾಟ್‌ನ ಸಂಗೀತ ಮೊಳಗಿತು, ಜನ ಎದ್ದು ನಿಂತರು, ಬಂದವರು ಯಾರೂ ಇಲ್ಲ. ಒಪ್ಪಂದವೇ ಇಲ್ಲದವನ ಸಂಗೀತ ಹಾಕಲು ಹೇಗೆ ಸಾಧ್ಯವಾಯಿತು? ಮೇಲೆ ಹೇಳಿದ್ದು ನೆನಪಿರಲಿ, ಸಂಗೀತ ಕಂಪನಿಯದು. ಜುಲೈ 11ರಂದು ಮ್ಯಾಟ್ ನಿಜವಾಗಿಯೇ ನುಗ್ಗಿ ಎಡ್ಜ್ ಮೇಲೆ ಬಿದ್ದ, ಅವನ ನಿಜಹೆಸರು ಹಿಡಿದು ಕೂಗಿದ, ತಾನು ಆಡಲಿರುವ ರಿಂಗ್ ಆಫ್ ಆನರ್ ಎಂಬ ಬೇರೆ ಕಂಪನಿಯ ಹೆಸರನ್ನೂ ಹೇಳಿದ. ಕಾವಲಿನವರು ಎಳೆದೊಯ್ದರು. ಆಗಸ್ಟ್ 1ರಂದು ಕಂಪನಿಯ ಆಗಿನ ಮುಖ್ಯಸ್ಥ ವಿನ್ಸ್ ಮೆಕ್‌ಮಹೊನ್ ಅವನನ್ನು ಮರಳಿ ತೆಗೆದುಕೊಂಡದ್ದಾಗಿ ಸಾರಿದ.

ಇಷ್ಟು ಕಾದ ಜನರಿಗೆ ಸಿಕ್ಕಿದ್ದೇನು? ಆಗಸ್ಟ್ 21ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಐದು ನಿಮಿಷವೂ ತುಂಬುವ ಮೊದಲೇ, ಮ್ಯಾಟ್ ತಲೆಯಿಂದ ರಕ್ತ ಸುರಿಯುತ್ತಿದೆ ಎಂದು ರೆಫರಿ ಮ್ಯಾಚ್ ನಿಲ್ಲಿಸಿ ಎಡ್ಜ್ ಗೆದ್ದನೆಂದ. ಸೆಪ್ಟೆಂಬರ್‌ನ ಪಂಜರದ ಫೈಟ್ ಮ್ಯಾಟ್ ಗೆದ್ದರೂ, ಅಕ್ಟೋಬರ್ 3ರ ಏಣಿ ಮ್ಯಾಚ್‌ನಲ್ಲಿ ಸೋತು ರಾ ಬಿಟ್ಟು ಹೋಗಬೇಕಾಯಿತು. ಊರೆಲ್ಲ ಯಾರ ಪರ ಇತ್ತೋ ಅವನನ್ನೇ ಮೊದಲ ರಾತ್ರಿ ಹಾಗೆ ಬೀಳಿಸಿದ್ದು ದೊಡ್ಡ ತಪ್ಪು. ಆಮೇಲಿನ ಗೆಲುವು ಆ ಕಾವನ್ನು ಮರಳಿಸಲಿಲ್ಲ. ಆದರೂ ನಾಲ್ಕು ತಿಂಗಳು ಇಲ್ಲದ ಆಳಿನ ಮೇಲೆ ಕಥೆ ನಿಂತಿತಲ್ಲ, ಅದು ಹೆಸರನ್ನು ಮುಚ್ಚಿಡದ್ದರ ಫಲ.

ಕೊನೆಯ ಪ್ರಶ್ನೆ: ತೆಗೆದದ್ದು ನಾಟಕವೋ ನಿಜವೋ? ಮಿಕ್ಕವನ್ನೆಲ್ಲ ಬಿಟ್ಟು ಕೆಲವು ಗುರುತು ನೋಡಿ. ಕಂಪನಿಯ ಅಧಿಕೃತ ಪಟ್ಟಿಯಲ್ಲಿ ಅವನ ಪುಟ ಹಳಬರ ವಿಭಾಗಕ್ಕೆ ಹೋಗಿದೆಯೇ? ಶೋ ಶುರುವಿನ ತುಣುಕಿನಿಂದ ಮುಖ ತೆಗೆದರೇ? ಹಿಂದಿನ ವಾರದ ಮರುನೋಟದಲ್ಲಿ ಅವನನ್ನು ಕತ್ತರಿಸಿ ತೋರಿಸುತ್ತಿದ್ದಾರೆಯೇ? ಒಂದೇ ದಿನ ಐದಾರು ಜನರ ಹೆಸರು ಬಂದಿದೆಯೇ? ಇವು ನಿಜದ ಗುರುತುಗಳು. ನಾಟಕಕ್ಕಾಗಿ ಒಬ್ಬನನ್ನು ತೆಗೆದಂತೆ ಮಾಡಬಹುದು, ಜೊತೆಗೆ ಐವರ ಹೊಟ್ಟೆಪಾಡು ಯಾರೂ ಹಾಳುಮಾಡುವುದಿಲ್ಲ. ಭಾರತೀಯ ಮೂಲದವರನ್ನೇ ನೋಡಿ: 2024ರ ಏಪ್ರಿಲ್‌ನಲ್ಲಿ ಜಿಂದರ್ ಮಹಲ್ ಜೊತೆ ಅವನ ಗುಂಪಿನ ವೀರ್, ಸಂಗಾ ಇಬ್ಬರೂ ಹೋದರು, ಗುಂಪಿಗೆ ಗುಂಪೇ ಹೋದಾಗ ಕಥೆ ಮುಂದುವರಿಸಲು ಯಾರೂ ಉಳಿಯುವುದಿಲ್ಲ. ಇದಕ್ಕೆ ಬದಲಾಗಿ ಟಿವಿಯಲ್ಲಿ ನಿರೂಪಕರೇ ಎತ್ತಿ ಎತ್ತಿ ‘ಅವನನ್ನು ವಜಾ ಮಾಡಲಾಗಿದೆ’ ಎಂದರೆ ಅದು ಕಥೆ. ನಿಜವಾಗಿ ತೆಗೆದಾಗ ಅವರು ಬಾಯಿಗೆ ಬೀಗ ಹಾಕಿಕೊಂಡಿರುತ್ತಾರೆ.

ಹಾಗೆಂದು ಈ ಗೆರೆಯನ್ನು ಬೇಕೆಂದೇ ಅಳಿಸಿದವರೂ ಇದ್ದಾರೆ. 1996ರ ಫೆಬ್ರುವರಿಯಲ್ಲಿ ಡಬ್ಲ್ಯುಸಿಡಬ್ಲ್ಯುನ ಬ್ರಯನ್ ಪಿಲ್‌ಮನ್ ನಡುಮ್ಯಾಚ್‌ನಲ್ಲೇ ಎದುರಾಳಿಯನ್ನು ‘ಬುಕರ್’ ಎಂದು, ಅಂದರೆ ಕಥೆ ಬರೆಯುವವನೆಂದು, ಕರೆದು ಹೊರಟುಹೋದ. ಹುಚ್ಚನಂತೆ ಆಡುವ ಈ ನಾಟಕ ನಂಬುವಂತಿರಲಿ ಎಂದು ಮುಖ್ಯಸ್ಥ ಎರಿಕ್ ಬಿಷಫ್‌ನಿಂದ ನಿಜವಾದ ಬಿಡುಗಡೆ ಪತ್ರವನ್ನೇ ಬರೆಸಿಕೊಂಡ. ಪತ್ರ ಕೈಗೆ ಬಂದ ಮೇಲೆ ಅವನು ಸ್ವತಂತ್ರ! ಮೊದಲು ಇಸಿಡಬ್ಲ್ಯು ಎಂಬ ಇನ್ನೊಂದು ಕಂಪನಿಯಲ್ಲಿ ಕಾಣಿಸಿಕೊಂಡ, ಜೂನ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ ಸೇರಿದ. ನಾಟಕಕ್ಕೆಂದು ಕಾಗದಕ್ಕೆ ಸಹಿ ಹಾಕಬಾರದು ಎಂಬ ಬುದ್ಧಿ ಆ ಕಂಪನಿಗೆ ತಡವಾಗಿ ಬಂತು.

ನಿಜವಾಗಿದ್ದದ್ದು ಕಥೆಯಾದ ಉದಾಹರಣೆಯೂ ಇದೆ. 2020ರ ಏಪ್ರಿಲ್ 15ರಂದು ಕೋವಿಡ್ ಕಾಲದಲ್ಲಿ ಹಲವರನ್ನು ತೆಗೆದಾಗ ಡ್ರೇಕ್ ಮ್ಯಾವರಿಕ್ ಹೆಸರೂ ಇತ್ತು, ಆದರೆ ಅವನು ಆಗಲೇ ಒಂದು ಟೂರ್ನಿಯ ಪಟ್ಟಿಯಲ್ಲಿದ್ದ. ಟೂರ್ನಿ ಆಡಿ ಹೋಗಲಿ ಎಂದು ಬಿಟ್ಟರು. ಅತ್ತುಕೊಂಡು ಮಾಡಿದ ಅವನ ವಿಡಿಯೋ ಜನರ ಮನ ಮುಟ್ಟಿತು. ಪ್ರತಿ ಮ್ಯಾಚ್ ಇವನ ಕೊನೆಯದೇನೋ ಎಂದು ನೋಡುವಂತಾಯಿತು. ಜೂನ್ 3ರ ಫೈನಲ್‌ನಲ್ಲಿ ಸೋತ, ಸೋತ ರಾತ್ರಿಯೇ ಹೊಸ ಒಪ್ಪಂದ ಸಿಕ್ಕಿತು.

2025ರ ಆರ್-ಟ್ರೂತ್ ಪ್ರಕರಣವನ್ನು ಈ ಎರಡರ ನಡುವೆ ಇಡಬಹುದು. ಮೇ 24ರಂದು ಅವನು ಜಾನ್ ಸೀನಾ ಕೈಯಲ್ಲಿ ಸೋತ, ಜೂನ್ 1ರಂದು ಒಪ್ಪಂದ ಮುಂದುವರಿಯುತ್ತಿಲ್ಲ ಎಂದು ತಾನೇ ಹೇಳಿದ, ಜನ ಅಖಾಡ ಅಖಾಡದಲ್ಲಿ ಅವನ ಹೆಸರು ಕೂಗಿದರು, ಜೂನ್ 7ರ ಮನಿ ಇನ್ ದ ಬ್ಯಾಂಕ್‌ನಲ್ಲಿ ಬಂದು ಸೀನಾಗೇ ಹೊಡೆದ. ಎರಡು ದಿನ ಬಿಟ್ಟು ರಾನಲ್ಲಿ ತನ್ನ ನಿಜಹೆಸರು ರಾನ್ ಕಿಲ್ಲಿಂಗ್ಸ್ ಎಂದು ನಿಂತು, ವರ್ಷಗಳ ಜಡೆಯನ್ನು ಕತ್ತರಿಸಿಕೊಂಡ. ‘ಎಲ್ಲವೂ ಶೋನ ಭಾಗ’ ಎಂಬರ್ಥದ ಮಾತನ್ನು ಕಂಪನಿಯಲ್ಲಿ ಕಥೆಯ ಹೊಣೆ ಹೊತ್ತ ಟ್ರಿಪಲ್ ಎಚ್ ಹೇಳಿದರೆ, ಕಿಲ್ಲಿಂಗ್ಸ್ ನಿಜವಾಗಿಯೇ ಹೊರಗಾಗಿದ್ದೆ ಎಂದ. ಒಂದು ವಾರದಲ್ಲಿ ಮರಳಿದ್ದು ಹೇಗೆ ಎಂದರೆ, 90 ದಿನದ ತಡೆ ಬೇರೆ ಕಂಪನಿಗೆ ಹೋಗುವುದಕ್ಕೆ ಮಾತ್ರ. ಅದೇ ಕಂಪನಿಯ ಹೊಸ ಕಾಗದಕ್ಕೆ ಅಷ್ಟು ದಿನ ಕಾಯಬೇಕಿಲ್ಲ.

ಇನ್ನೊಂದು ಮೋಸಹೋಗುವ ಜಾಗ ಮೊದಲೇ ಚಿತ್ರಿಸಿಟ್ಟ ಕಂತುಗಳದು. ಹೊರಗೆ ಹೋದವನು ಟಿವಿಯಲ್ಲಿ ಕಂಡರೆ ಅದು ನಾಟಕವೇ ಆಗಬೇಕಿಲ್ಲ. 1997ರ ನವೆಂಬರ್ 17ರ ರಾತ್ರಿ ರಿಕ್ ರೂಡ್ ಎದುರಾಳಿ ಶೋಗಳೆರಡರಲ್ಲೂ ಕಾಣಿಸಿಕೊಂಡ: ಆರು ದಿನ ಮುಂಚೆ ಚಿತ್ರಿಸಿದ್ದ ರಾನಲ್ಲಿ ಗಡ್ಡ, ಡಬ್ಲ್ಯುಸಿಡಬ್ಲ್ಯುನ ನೇರಪ್ರಸಾರದ ಶೋ ನೈಟ್ರೋದಲ್ಲಿ ಬರೀ ಮೀಸೆ. ಇಂದಿನ ರಾ ನಮಗೆ ಮಂಗಳವಾರ ಬೆಳಗಿನ ಜಾವ ಬರುವ ನೇರಪ್ರಸಾರ, ಆದರೆ ವಿದೇಶ ಪ್ರವಾಸ ಮತ್ತು ಹಬ್ಬದ ವಾರಗಳಲ್ಲಿ ಮುಂಗಡ ಚಿತ್ರೀಕರಣ ಇರುತ್ತದೆ. ಅಂಥ ವಾರದಲ್ಲಿ ಏನನ್ನೂ ತೀರ್ಮಾನಿಸಬೇಡಿ.

ವ್ಯಾಟ್‌ನ ಎಳೆ ಕೊನೆಗೆ ಎಲ್ಲಿಗೆ ಹೋಯಿತು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. 2022ರ ಅಕ್ಟೋಬರ್ 8ರಂದು ಅವನು ಲಾಂದ್ರ ಹಿಡಿದು ಮರಳಿ ಬಂದ. 2023ರ ಜನವರಿಯಲ್ಲಿ ಬ್ಲಿಸ್‌ಳನ್ನು ಅವನ ಕಡೆಯ ಅಂಕಲ್ ಹೌಡಿ ಎಂಬ ಮುಖವಾಡಧಾರಿ ಕಾಡತೊಡಗಿದ. ಬಿಟ್ಟಲ್ಲಿಂದ ಕಥೆ ಹಿಡಿಯುತ್ತಾರೆ ಅನ್ನುವಷ್ಟರಲ್ಲಿ ಬ್ಲಿಸ್ ರಜೆಗೆ ಹೋದಳು, ಆಗಸ್ಟ್ 24ರಂದು 36ನೇ ವಯಸ್ಸಿಗೆ ವ್ಯಾಟ್ ತೀರಿಕೊಂಡ. 2024ರ ಜೂನ್ 17ರ ರಾನಲ್ಲಿ ‘ವ್ಯಾಟ್ ಸಿಕ್ಸ್’ ಎಂಬ ಗುಂಪು ಬಂತು, ಮುಂದೆ ಲಾಂದ್ರ ಹಿಡಿದವನು ಅಂಕಲ್ ಹೌಡಿ. ಮುಖವಾಡದ ಹಿಂದಿದ್ದವನು ಬೋ ಡಾಲಸ್, ವ್ಯಾಟ್‌ನ ಒಡಹುಟ್ಟಿದ ತಮ್ಮ. ಅವನನ್ನೂ ಇದೇ ಕಂಪನಿ 2021ರ ಏಪ್ರಿಲ್‌ನಲ್ಲಿ, ಅಣ್ಣನಿಗಿಂತ ಮೂರೂವರೆ ತಿಂಗಳು ಮೊದಲೇ, ತೆಗೆದುಹಾಕಿತ್ತು.